ಬೋಗುಣಿಗೆ ನೀರು ತಂದವರು ಯಾರು?

ನಾನು ಬೆಂಗಳೂರಿನ ಒಂದು ಕನ್ನಡ ಸಭೆಯಲ್ಲಿ ಸಹಾಯಕ ಪಾಸ್ಟರ್. ಒಂಬತ್ತು ವರ್ಷ ಆಯಿತು. "ಸೇವೆ" ಅನ್ನುವ ಪದವನ್ನು ನಮ್ಮಷ್ಟು ಬಳಸುವವರು ಬೇರೆ ಯಾರೂ ಇಲ್ಲ. ಸೇವೆಗೆ ಕರೆ ಬಂತು, ಸೇವೆಯಲ್ಲಿದ್ದೇನೆ, ನಾಳೆ ಕೋಲಾರದಲ್ಲಿ ಸೇವೆ ಇದೆ. ಆದರೆ ಹೋದ ಕಡೆಯೆಲ್ಲ ಮುಂದಿನ ಸಾಲಿನ ಕುರ್ಚಿ ನಮಗೆ, ಪ್ರೀತಿಭೋಜನದಲ್ಲಿ ಮೊದಲ ತಟ್ಟೆ ನಮಗೆ, ಬಿರಿಯಾನಿಯಲ್ಲಿ ಒಳ್ಳೆ ಪೀಸೂ ನಮಗೇ. ಬೇಡ ಅಂದರೂ ಕೊಡುತ್ತಾರೆ. ನಾವೂ ಅಷ್ಟೇನೂ ಗಟ್ಟಿಯಾಗಿ ಬೇಡ ಅನ್ನುವುದಿಲ್ಲ ಬಿಡಿ.

2024ರ ಮಾರ್ಚ್ ತಿಂಗಳು ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಕೈಕೊಟ್ಟವು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಟ್ಯಾಂಕರ್‌ಗೆ ಸರ್ಕಾರ ದರ ಕಟ್ಟಿತು, ಆದರೆ ಆ ದರಕ್ಕೆ ನಮ್ಮ ಬೀದಿಗೆ ಯಾವ ಟ್ಯಾಂಕರೂ ತಿರುಗಲಿಲ್ಲ.

ಅದೇ ತಿಂಗಳು 28ಕ್ಕೆ ಪವಿತ್ರ ಗುರುವಾರ. ಸಂಜೆ ಪಾದ ತೊಳೆಯುವ ಆರಾಧನೆ. ಯೇಸು ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನಲ್ಲ, ಯೋಹಾನ 13ನೇ ಅಧ್ಯಾಯ. ಆ ಕಾಲದಲ್ಲಿ ಅದು ಆಳಿನ ಕೆಲಸ. ಶಿಷ್ಯ ಪೇತ್ರ ಬೇಡವೇ ಬೇಡ ಅಂದದ್ದು ಅದಕ್ಕೇ.

ಹನ್ನೆರಡು ಜನರನ್ನು ನಾನೇ ಆರಿಸಿದ್ದೆ. ಕಮಿಟಿಯವರು, ಕಾಯರ್‌ನವರು, ಒಬ್ಬಿಬ್ಬರು ದೊಡ್ಡ ಕಾಣಿಕೆ ಕೊಡುವವರು. ಎಲ್ಲರೂ ಮನೆಯಲ್ಲೇ ಸೋಪು ಹಾಕಿ ಕಾಲು ತೊಳೆದುಕೊಂಡು ಬಂದಿದ್ದರು, ಹುಡುಕಿದರೂ ಒಂದು ಚೂರು ಕೊಳೆ ಸಿಗುತ್ತಿರಲಿಲ್ಲ. ಹೊಳೆಯುವ ಸ್ಟೀಲ್ ಬೋಗುಣಿ, ಹೊಸ ಟವೆಲ್, ಫೋಟೋ ತೆಗೆಯಲು ಯೂತ್ ಗುಂಪಿನ ಹುಡುಗ. ಮಂಡಿಯೂರಿ ಒಬ್ಬೊಬ್ಬರ ಕಾಲನ್ನೂ ತೊಳೆದೆ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಆ ವಾರ ನಮ್ಮ ಬೀದಿಯಲ್ಲಿ ನೀರು ಬಂದದ್ದು ಅಲ್ಲೊಂದೇ ಕಡೆ.

ಆರಾಧನೆ ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಬೋಗುಣಿಯನ್ನು ದಾಸವಾಳದ ಬುಡಕ್ಕೆ ಬಗ್ಗಿಸಿದೆ. ಅಲ್ಲಿ ನಮ್ಮ ಸಭೆ ಗುಡಿಸಿ ಒರೆಸುವ ಅಕ್ಕ ಎರಡು ಖಾಲಿ ಬಕೆಟ್ ಹಿಡಿದು ನಿಂತಿದ್ದರು.

"ಅಯ್ಯೋ, ಅಯ್ಯನವರೇ, ಚೆಲ್ಲಿಬಿಟ್ರಾ? ಟಾಯ್ಲೆಟ್‌ಗೆ ಆಗ್ಲಿ ಅಂತ ಕಾಯ್ತಾ ಇದ್ದೆ."

ಬೈಯಲಿಲ್ಲ, ಸಿಡುಕಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಒಂದು ಕ್ಷಣ ನಿಂತು ಬಕೆಟ್ ಎತ್ತಿಕೊಂಡು ಹೋದರು. ಮಧ್ಯಾಹ್ನವೇ ಸಂಪ್ ಖಾಲಿಯಾಗಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. ಪಕ್ಕದ ಬೀದಿಯ ಶುದ್ಧ ನೀರಿನ ಘಟಕದಲ್ಲಿ ಒಬ್ಬರಿಗೆ ಒಂದೇ ಕ್ಯಾನ್ ಅನ್ನುತ್ತಿದ್ದರಂತೆ, ಮಗಳನ್ನೂ ಸಾಲಲ್ಲಿ ನಿಲ್ಲಿಸಿ ಎರಡು ಕ್ಯಾನ್ ತಂದಿದ್ದರು. ಅದರಲ್ಲಿ ಒಂದು ನನ್ನ ಬೋಗುಣಿಗೆ ಬಂದಿತ್ತು. ಮರುದಿನ ಶುಭ ಶುಕ್ರವಾರ, ಹನ್ನೆರಡರಿಂದ ಮೂರು ಗಂಟೆವರೆಗೆ ಆರಾಧನೆ, ನಾನೂರು ಜನ, ಎರಡು ಟಾಯ್ಲೆಟ್. ನಾನು ಅದ್ಯಾವುದನ್ನೂ ಯೋಚಿಸದೆ, ದಂಡ ಹಾಕುವ ಕೆಲಸವನ್ನೇ ಪ್ರಾರ್ಥನೆ ಮುಗಿಸಿ ಮಾಡಿ ಬಂದಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಮಾರ್ಕನ ಸುವಾರ್ತೆ ತೆಗೆದೆ. 14ನೇ ಅಧ್ಯಾಯದಲ್ಲಿ, ಕಡೇ ಊಟಕ್ಕೆ ಮುಂಚೆ, ಯೇಸು ಇಬ್ಬರು ಶಿಷ್ಯರಿಗೆ ಹೇಳುತ್ತಾನೆ: ಪಟ್ಟಣದೊಳಗೆ ಹೋಗಿ, ನೀರಿನ ಕೊಡ ಹೊತ್ತ ಒಬ್ಬನು ನಿಮ್ಮ ಎದುರಿಗೆ ಬರುತ್ತಾನೆ, ಅವನ ಹಿಂದೆ ಹೋಗಿ. ಅವನು ಹೊಕ್ಕ ಮನೆಯಲ್ಲೇ ಆ ಊಟ ನಡೆಯುತ್ತದೆ. ಬೋಗುಣಿಗೆ ಬಿದ್ದ ನೀರು ಅವನ ಕೊಡದ್ದೇ ಇರಬಹುದು, ಬರೆದಿಲ್ಲ. ಅವನ ಹೆಸರೂ ಬರೆದಿಲ್ಲ. ಪಾದ ತೊಳೆಯುವುದರ ಮೇಲೆ ನಾನು ಕಡಿಮೆ ಅಂದರೂ ಹತ್ತು ಪ್ರಸಂಗ ಮಾಡಿದ್ದೇನೆ, ಈ ಕೊಡ ಹೊತ್ತವನ ಕಡೆ ಒಂದು ಸಲವೂ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಹೋಗಿ ಪೊರಕೆ ಹಿಡಿದೆ. ಇದು ಎರಡನೇ ತಪ್ಪು. ಹತ್ತು ನಿಮಿಷ ನೋಡಿದ ಅಕ್ಕ, "ನೀವು ಬಾಗಿಲಿಂದ ಒಳಗಡೆಗೆ ಗುಡಿಸ್ತಾ ಇದ್ದೀರ, ನಾನು ಮತ್ತೆ ಹೊರಗಡೆಗೆ ಗುಡಿಸ್ಬೇಕು" ಅಂದರು. ನನಗೆ ಬೇಕಿದ್ದದ್ದು ತಗ್ಗಿದವನ ಹಾಗೆ ಕಾಣುವುದು. ಅವರಿಗೆ ಬೇಕಿದ್ದದ್ದು ಏನು ಅಂತ ಕೇಳಿರಲೇ ಇಲ್ಲ. ಆಮೇಲೆ ಕೇಳಿದೆ. ಉತ್ತರ ಒಂದೇ ಮಾತಲ್ಲಿ ಬಂತು: ಮೋಟಾರ್ ರೂಮಿನ ಬೀಗದ ಕೈ.

ಆ ಕೀ ಇದ್ದದ್ದು ಖಜಾಂಚಿಯವರ ಹತ್ತಿರ. ಅವರ ಮನೆ ಯಲಹಂಕದಲ್ಲಿ. ನೀರು ಬಿಡಬೇಕು ಅಂದರೆ ಫೋನ್ ಮಾಡಬೇಕು, ಅವರು ಯಾರನ್ನಾದರೂ ಕಳಿಸಬೇಕು. ಟ್ಯಾಂಕರ್ ಬಂದಾಗ ಎಷ್ಟು ಲೀಟರ್ ಇಳಿಯಿತು ಅಂತ ನೋಡುವವರೂ ಇಲ್ಲ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಕಮಿಟಿಯಲ್ಲಿ ವಿಷಯ ಇಟ್ಟೆ. ನಮ್ಮಲ್ಲಿ ಐಟಿಯವರು ಜಾಸ್ತಿ, ಆಫೀಸಿನಲ್ಲಿ ಸರ್ವೆಂಟ್ ಲೀಡರ್‌ಶಿಪ್, ಅಂದರೆ ನಾಯಕ ಮೊದಲು ಸೇವಕನಾಗಿರಬೇಕು ಅನ್ನುವ ಟ್ರೈನಿಂಗ್ ಆದವರು. ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದದ್ದರ ಮೇಲೆ ಸ್ಲೈಡ್ ಕೂಡ ಮಾಡಿರುತ್ತಾರೆ. ಆದರೆ ಕೆಲಸದವರ ಕೈಗೆ ಕೀ ಅಂದ ತಕ್ಷಣ ಮುಖ ಮುಖ ನೋಡಿಕೊಂಡರು. "ಜವಾಬ್ದಾರಿ ಯಾರದ್ದು ಬ್ರದರ್?" ಅಂದರು ಒಬ್ಬರು. ನಾನು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗೊಣಗಾಟ ಶುರುವಾಯಿತು. ಆಗ ಆರಿಸಿದ ಏಳು ಜನರ ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಎಲ್ಲ ಗ್ರೀಕ್ ಹೆಸರುಗಳು. ಅಂದರೆ ದೂರು ಹೇಳಿದ ಕಡೆಯವರ ಕೈಗೇ ಉಗ್ರಾಣ ಹೋಯಿತು ಅಂತ ಕಾಣುತ್ತದೆ. ಸಭೆ ನಡೆಸುತ್ತಿದ್ದ ಅಪೊಸ್ತಲರು, ಯೇಸುವಿನ ಶಿಷ್ಯರು, ತಾವೇ ಬಡಿಸಲು ನಿಂತು ಒಳ್ಳೆಯವರು ಅನ್ನಿಸಿಕೊಳ್ಳಲಿಲ್ಲ, ಕೀ ಕೊಟ್ಟರು.

ಎರಡು ಮೀಟಿಂಗ್ ಬೇಕಾಯಿತು. ಕೀ ಕೊಟ್ಟ ಮೇಲೆ ಉತ್ಸಾಹದಲ್ಲಿ ಅಕ್ಕನನ್ನು ಕಟ್ಟಡದ ಕಮಿಟಿಗೂ ಸೇರಿಸೋಣ ಅಂದೆ. ಅವರೇ ಬೇಡ ಅಂದರು. "ಮೀಟಿಂಗ್ ನೀವು ಮಾಡ್ಕೊಳ್ಳಿ. ಆದ್ರೆ ಶುಭ ಶುಕ್ರವಾರ ಒಂದ್ಸಲ ಒಳಗೆ ಕೂತ್ಕೋಬೇಕು ನಾನು." ಆ ದಿನದ ಆರಾಧನೆ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ, ಅದನ್ನು ಅವರು ಇಷ್ಟು ವರ್ಷ ಪೂರ್ತಿ ಕೇಳಿಯೇ ಇರಲಿಲ್ಲ. ಚಪ್ಪಲಿ ಕಾಯುವುದು, ಟಾಯ್ಲೆಟ್ ನೋಡಿಕೊಳ್ಳುವುದು, ಮೂರು ಗಂಟೆ ಅದರಲ್ಲೇ ಹೋಗುತ್ತಿತ್ತು.

2025ರಲ್ಲಿ, ಏಪ್ರಿಲ್ 18ಕ್ಕೆ, ಅವರು ಐದನೇ ಸಾಲಿನಲ್ಲಿ ಕೂತರು. ನಾನು ಹೊರಗೆ. ಮೊದಲ ಗಂಟೆಯಲ್ಲೇ ಫಿನಾಯಿಲ್ ಎಲ್ಲಿದೆ ಅಂತ ಗೊತ್ತಾಗದೆ ಎಲ್ಲ ಕಪಾಟು ತೆಗೆದೆ. ಒಬ್ಬ ಅಜ್ಜ ನನ್ನ ಗುರುತು ಸಿಗದೆ ಕೊಡೆ ಕೈಗೆ ಕೊಟ್ಟು, "ನೋಡ್ಕೊಳ್ಳಪ್ಪ" ಅಂದು ಒಳಗೆ ಹೋದರು. ಒಂದು ಕ್ಷಣ ಚುರುಕ್ ಅಂದದ್ದು ಸುಳ್ಳಲ್ಲ. ನಾನು ಯಾರು ಅಂತ ಹೇಳಬೇಕು ಅನ್ನಿಸಿತು, ನಾಲಿಗೆ ತುದಿಗೂ ಬಂತು.

ಒಳಗೆ ಐದನೇ ಮಾತು ನಡೆಯುತ್ತಿತ್ತು, "ನನಗೆ ನೀರಡಿಕೆಯಾಗಿದೆ". ಅಷ್ಟರಲ್ಲಿ ಅಕ್ಕ ಸೆರಗು ಸರಿಮಾಡಿಕೊಂಡು ದಡದಡ ಹೊರಗೆ ಬಂದರು. ಅವರ ಕಿವಿಗೆ ಬಿದ್ದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮೇಲಿನ ಟ್ಯಾಂಕ್ ತುಂಬಿ ಗೋಡೆಯ ಮೇಲೆ ಸುರಿಯುತ್ತಿತ್ತು, ಮೋಟಾರ್ ಹಾಕಿ ಮರೆತಿದ್ದೆ. ಅವರು ಸೊಂಟದಿಂದ ಕೀ ತೆಗೆದು, ಮೋಟಾರ್ ಆರಿಸಿ, ಸುರಿಯುವ ನೀರಿನ ಕೆಳಗೆ ಎರಡು ಬಕೆಟ್ ಇಟ್ಟರು.

"ಇದನ್ನಾದ್ರೂ ಗಿಡಕ್ಕೆ ಹಾಕ್ಬೇಡಿ" ಅಂದು ವಾಪಸ್ ಒಳಗೆ ಹೋಗಿ ಕೂತರು.