ಕಾಡಿಗೆಯ ಚಿತ್ರ: ಕಪ್ಪು ಬೆಕ್ಕು ಕಪ್ಪಾಗಿಯೇ ಕಾಣಬೇಕು

ಜೂನ್, ಮೊದಲ ವಾರ

ನಮ್ಮ ಮನೆ ಬೆಕ್ಕಿನ ಹೆಸರು ಕಾಡಿಗೆ. ಮೂತಿಯಿಂದ ಬಾಲದ ತುದಿವರೆಗೂ ಕಪ್ಪು. ವಯಸ್ಸು ಹದಿಮೂರು. ಫೋನಿನಲ್ಲಿ ಅವಳ ಫೋಟೋ ನೂರಾರು ಇವೆ. ಆದರೆ ಮುಖ ಸರಿಯಾಗಿ ಕಾಣುವ ಫೋಟೋ ಒಂದೂ ಇಲ್ಲ. ಎಲ್ಲದರಲ್ಲೂ ಎರಡು ಕಣ್ಣು, ಸುತ್ತ ಒಂದು ಕಪ್ಪು ಮುದ್ದೆ. ಅವಳಿಗೆ ವಯಸ್ಸಾಗುತ್ತಿದೆ. ಈ ಮಳೆಗಾಲ ಮುಗಿಯುವುದರೊಳಗೆ ಗೋಡೆಗೆ ಹಾಕುವಂಥ ಒಂದು ಚಿತ್ರ ತೆಗೆಯಲೇಬೇಕು ಅಂತ ಹಟ ಹಿಡಿದಿದ್ದೇನೆ. ಏನು ಮಾಡಿದೆ, ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕ್ಯಾನನ್ ಡಿಎಸ್‌ಎಲ್‌ಆರ್, 18 ಮೆಗಾಪಿಕ್ಸೆಲ್. ಲೆನ್ಸ್ 50 ಎಂಎಂ, ಎಫ್ 1.8 (ಎಫ್ ಅಂದರೆ ಬೆಳಕು ಒಳಗೆ ಬಿಡುವ ಕಿಂಡಿಯ ಅಳತೆ, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಮನೆ ಮಲೆನಾಡಿನ ಸಾಗರ ಊರಿನ ಹತ್ತಿರ, ಹಳೇ ಹೆಂಚಿನ ಮನೆ. ಒಂದು ಜಗಲಿ, ಒಂದು ದೊಡ್ಡ ಕಿಟಕಿ, ಮಾಡಿನಲ್ಲಿ ಎರಡು ಗಾಜಿನ ಹೆಂಚು. ಬೆಳಕು ಅಂತ ಇರುವುದು ಇಷ್ಟು.

ಮಳೆ ಹಿಡಿಯುವ ಮೊದಲು ಜಗಲಿಯ ಬಿಸಿಲಿನಲ್ಲಿ ತೆಗೆದು ನೋಡಿದೆ. ಬಿಸಿಲು ಬಿದ್ದ ಕಡೆ ಮೈ ಕಂದು ಬಣ್ಣ, ನೆರಳು ಬಿದ್ದ ಕಡೆ ಏನೂ ಇಲ್ಲ. ಕಣ್ಣಿನ ಪಾಪೆ ದಾರದಷ್ಟು ಸಣ್ಣ. ಒಂದು ಹೊಸ ವಿಷಯ ಮಾತ್ರ ಕಂಡಿತು. ಜೋರು ಬಿಸಿಲಿನಲ್ಲಿ ಅವಳ ಪಕ್ಕೆಯ ಮೇಲೆ ತೆಳುವಾಗಿ ಪಟ್ಟೆಗಳು ಕಾಣುತ್ತವೆ. ಹದಿಮೂರು ವರ್ಷ ಜೊತೆಗಿದ್ದರೂ ನೋಡಿರಲಿಲ್ಲ.

ಜೂನ್, ಮೂರನೇ ವಾರ

ಮಳೆ ಶುರುವಾಯಿತು. ಮೋಡದ ಬೆಳಕು ಮೆತ್ತಗೆ ಇರುತ್ತದೆ, ಕಿಟಕಿ ಪಕ್ಕ ಕೂತರೆ ಸಾಕು. ಬೆಳಕಿನ ಲೆಕ್ಕವನ್ನು ಕ್ಯಾಮೆರಾಕ್ಕೇ ಬಿಟ್ಟು ಮೂವತ್ತು ಫೋಟೋ ತೆಗೆದೆ. ಅಮ್ಮನಿಗೆ ತೋರಿಸಿದರೆ, "ಇದ್ಯಾರ ಮನೆ ಬೂದಿ ಬೆಕ್ಕು?" ಅಂದಳು.

ನಿಜ. ಬೆಕ್ಕು ಬೂದಿಯಾಗಿತ್ತು. ಎದುರಿಗಿರುವುದು ಸರಾಸರಿ ನಡುಬೂದು ಬಣ್ಣದ್ದು ಅಂತ ಅಂದುಕೊಂಡೇ ಕ್ಯಾಮೆರಾದ ಮೀಟರ್ ಬೆಳಕು ಅಳೆಯುತ್ತದೆ. ಫ್ರೇಮ್ ತುಂಬಾ ಕಪ್ಪು ಬೆಕ್ಕು ಬಂದರೆ ಬೆಳಕು ಸಾಲದು ಅಂತ ತಿಳಿದು ಚಿತ್ರವನ್ನು ಬೆಳಗಿಸುತ್ತದೆ. ಬಿಳಿ ಬೆಕ್ಕಾದರೆ ಉಲ್ಟಾ, ಮಂಕು ಮಾಡುತ್ತದೆ. ಹಾಗಾಗಿ ಮೀಟರ್ ಹೇಳಿದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1ಕ್ಕೆ ಇಳಿಸಿದೆ, ಅಂದರೆ ಬೆಳಕು ಅರ್ಧ. ತಕ್ಷಣ ಕಪ್ಪು ವಾಪಸ್ ಬಂತು. ಆದರೆ ಮುಖದ ಆಕಾರ ಮತ್ತೆ ಮಾಯ.

ಇಲ್ಲಿ ಎರಡು ವಾರ ಸಿಕ್ಕಿಕೊಂಡೆ. ಬೆಳಕು ಜಾಸ್ತಿ ಮಾಡಿದರೆ ಬೂದಿ, ಕಡಿಮೆ ಮಾಡಿದರೆ ಮುದ್ದೆ.

ಜುಲೈ 6

ದಾರಿ ಸಿಕ್ಕಿದ್ದು ದೇವಸ್ಥಾನದಲ್ಲಿ. ಗರ್ಭಗುಡಿಯಲ್ಲಿ ಎಣ್ಣೆ ಹಚ್ಚಿದ ಕಪ್ಪು ಕಲ್ಲಿನ ಮೂರ್ತಿ, ಪಕ್ಕದಲ್ಲಿ ದೀಪ. ಕಲ್ಲಿನ ಬಣ್ಣ ಕತ್ತಲಲ್ಲಿ ಕತ್ತಲೇ. ಆದರೂ ಮೂಗು, ಕೆನ್ನೆ, ಭುಜ ಎಲ್ಲ ಗೊತ್ತಾಗುತ್ತದೆ. ಕಾಣುವುದು ಹೊಳಪು. ದೀಪ ಪಕ್ಕದಲ್ಲಿದೆ, ಅದಕ್ಕೇ ಅಂಚು ಹೊಳೆಯುತ್ತದೆ. ಕಾಡಿಗೆಯ ಕೂದಲೂ ಹಾಗೇ ಅಲ್ವಾ? ಬೆಳಕಿನ ಬಹುಪಾಲನ್ನು ನುಂಗುತ್ತದೆ, ಉಳಿದದ್ದನ್ನು ರೇಷ್ಮೆಯ ಹಾಗೆ ಹೊಳೆಸುತ್ತದೆ. ನಾನು ಇಷ್ಟು ದಿನ ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆಯುತ್ತಿದ್ದೆ. ಬೆಳಕು ಅವಳ ಮುಖಕ್ಕೆ ನೇರವಾಗಿ ಬೀಳುತ್ತಿತ್ತು. ಹೊಳಪಿಗೆ ಜಾಗವೇ ಇರಲಿಲ್ಲ.

ಮನೆಗೆ ಬಂದವನೇ ಅವಳ ಚಾಪೆಯನ್ನು ತಿರುಗಿಸಿದೆ. ಕಿಟಕಿ ಈಗ ಅವಳ ಎಡಕ್ಕೆ, ಸ್ವಲ್ಪ ಹಿಂದಕ್ಕೆ. ಮೈನಸ್ 1 ಹಾಗೇ ಇಟ್ಟೆ. ಕಿವಿಯ ಅಂಚು, ಹುಬ್ಬಿನ ಉಬ್ಬು, ಕೆನ್ನೆಯ ಗೆರೆ ಎಲ್ಲ ಬೆಳ್ಳಿ ದಾರದಲ್ಲಿ ಬರೆದ ಹಾಗೆ ಬಂತು. ಉಳಿದ ಮೈ ಕಪ್ಪೇ. ಕ್ಯಾಮೆರಾದ ಹಿಂದಿನ ಪರದೆ ನೋಡಿ ಎದೆ ತುಂಬಿ ಬಂತು. ಮೊದಲ ಸಲ ಅದು ಅವಳೇ ಆಗಿತ್ತು.

ಜುಲೈ, ಎರಡನೇ ಮತ್ತು ಮೂರನೇ ವಾರ

ಈಗ ಫೋಕಸ್ ವಿಷಯ. ಎಫ್ 1.8ರಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ನನ್ನ ಕ್ಯಾಮೆರಾದಲ್ಲಿ ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಕಣ್ಣು ಚೂಪಾಗಿದ್ದರೆ ಮೂಗು ಮಸುಕು. ಎಫ್ 4ಕ್ಕೆ ಹೋದರೆ ಸುಮಾರು ಆರು ಸೆಂಟಿಮೀಟರ್ ಸಿಗುತ್ತದೆ. ಕಣ್ಣು, ಮೂಗು ಎರಡೂ ಉಳಿದು ಹಿಂದಿನ ಗೋಡೆ ಮಸುಕಾಗುತ್ತದೆ. ಫೋಕಸ್ ಯಾವಾಗಲೂ ನಮಗೆ ಹತ್ತಿರದ ಕಣ್ಣಿಗೆ. ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡ್, ಅದಕ್ಕಿಂತ ನಿಧಾನ ಬೇಡ. ಕೂತಲ್ಲೇ ಕೂತಿದ್ದರೂ ಕಿವಿ, ಮೀಸೆ ಆಡುತ್ತಲೇ ಇರುತ್ತವೆ. ಇದಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200 ಬೇಕಾಯಿತು. ಮರಳು ಮರಳಾಗಿ ಬರುತ್ತದೆ, ಬರಲಿ. ಅಲುಗಿದ ಫೋಟೋವನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ಫ್ಲ್ಯಾಶ್ ಮುಟ್ಟಲೇ ಇಲ್ಲ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ, ನೇರ ಫ್ಲ್ಯಾಶ್ ಹಾಕಿದರೆ ಕಣ್ಣು ಬಲ್ಬಿನಂತೆ ಉರಿಯುತ್ತದೆ. ಅವಳಿಗೂ ಕಿರಿಕಿರಿ.

ಹೊಟ್ಟೆ ತುಂಬಿ, ಮೈ ನೆಕ್ಕಿಕೊಂಡು, ನಿದ್ದೆ ಹತ್ತುವ ಮೊದಲು ಒಂದು ಹತ್ತು ನಿಮಿಷ ಸಿಗುತ್ತದೆ. ಆ ಹೊತ್ತೇ ಒಳ್ಳೆಯದು. ನೆಲದ ಮೇಲೆ ಮಲಗಿ, ಕ್ಯಾಮೆರಾವನ್ನು ಅವಳ ಕಣ್ಣಿನ ಮಟ್ಟಕ್ಕೆ ತರುತ್ತೇನೆ. ಚಾಪೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ಕಿವಿ ಎರಡೂ ಮುಂದಕ್ಕೆ ಬರುತ್ತವೆ. ದಿನಕ್ಕೆ ಎರಡೇ ಸಲ, ಮೂರನೇ ಸಲಕ್ಕೆ ತಿರುಗಿಯೂ ನೋಡುವುದಿಲ್ಲ. ಕ್ಯಾಮೆರಾ ಇಳಿಸಿ ನಿಧಾನವಾಗಿ ಕಣ್ಣು ಮಿಟುಕಿಸುವುದೂ ಉಪಯೋಗಕ್ಕೆ ಬಂತು. ಹೀಗೆ ಮಾಡಿದರೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರ ಕೊಡುವುದು ಜಾಸ್ತಿ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ. ಅಮ್ಮ ಇದನ್ನು ಮೊದಲಿಂದಲೂ ಮಾಡುತ್ತಾಳೆ.

ಒಂದು ತೊಂದರೆ ಉಳಿಯಿತು. ನಮ್ಮದು ಕೆಂಪು ಗಾರೆ ನೆಲ. ನೆಲದ ಕೆಂಪು ಅವಳ ಗಲ್ಲಕ್ಕೂ ಎದೆಗೂ ಹತ್ತುತ್ತಿತ್ತು. ಅಪ್ಪನ ಹಳೇ ಬಿಳಿ ಪಂಚೆ ಮಡಚಿ ಚಾಪೆಯ ಮುಂದೆ ಹಾಸಿದೆ. ಕೆಂಪು ಹೋಯಿತು. ಜೊತೆಗೆ ಪಂಚೆಯಿಂದ ಬೆಳಕು ಮೇಲಕ್ಕೆ ಚಿಮ್ಮಿ ಗಲ್ಲದ ಕೆಳಗಿನ ಕತ್ತಲೆ ಸ್ವಲ್ಪ ತಿಳಿಯಾಯಿತು. ಎರಡೇ ನಿಮಿಷಕ್ಕೆ ಅವಳು ಎದ್ದು ಬಂದು ಪಂಚೆಯ ಮೇಲೆಯೇ ಕೂತಳು. ಇನ್ನೊಂದು ಪಂಚೆ ತಂದೆ.

ಜುಲೈ ಕೊನೆ

ಇನ್ನೂರ ಹದಿನಾಲ್ಕು ಫೋಟೋದಲ್ಲಿ ಒಂದನ್ನು ಆರಿಸಿದೆ. ಪಾಪೆ ಗೆರೆಯೂ ಅಲ್ಲ, ಪೂರ್ತಿ ದುಂಡೂ ಅಲ್ಲ, ಬಾದಾಮಿಯ ಹಾಗೆ. ಕಣ್ಣಲ್ಲಿ ಕಿಟಕಿಯ ಸರಳುಗಳು ಕಾಣುತ್ತವೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ಇದ್ದದ್ದರಿಂದ ಎಡಿಟಿಂಗಿಗೆ ಜಾಗ ಇತ್ತು. ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಬಳಸುತ್ತೇನೆ, ಉಚಿತ ತಂತ್ರಾಂಶ.

ಮೊದಲ ಎಡಿಟ್ ಕೆಟ್ಟಿತು. ಶ್ಯಾಡೋ, ಅಂದರೆ ಕತ್ತಲ ಭಾಗ, ಎಲ್ಲ ಬೆಳಗಿಸಿದೆ, ಬೂದಿ ಬೆಕ್ಕು ಮತ್ತೆ ಬಂತು. ಕಣ್ಣಿನ ಬಣ್ಣ ಹೆಚ್ಚಿಸಿದೆ, ಅವಳ ಜೇನು ಬಣ್ಣದ ಕಣ್ಣು ಕಿತ್ತಳೆಯಾಯಿತು. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಎರಡನೇ ಸಲ ಮಾಡಿದ್ದು ಕಡಿಮೆ. ಪಂಚೆಯ ಬಿಳಿ ನೋಡಿ ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಕೂರಿಸಿದೆ. ಮರಳು ಕಡಿಮೆ ಮಾಡಿದೆ, ಆದರೆ ಮೀಸೆಯ ಹತ್ತಿರ ಬಿಟ್ಟೆ. ಮುಖದ ಭಾಗವನ್ನು ಮಾತ್ರ ಆರಿಸಿಕೊಂಡು (ಮಾಸ್ಕ್) ಸ್ವಲ್ಪವೇ ಬೆಳಕು ಎತ್ತಿದೆ. ಹಿಂದಿನ ಗೋಡೆಯನ್ನು ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿಗೆ, ಇಳಿಸಿದೆ. ಕಣ್ಣನ್ನು ಮುಟ್ಟಲಿಲ್ಲ. ಮೀಸೆಯ ತುದಿ ಕತ್ತರಿಸಿಹೋಗದಂತೆ ಕ್ರಾಪ್ ಮಾಡಿದೆ.

ಆಗಸ್ಟ್ 9

ಪೇಟೆಯಲ್ಲಿ 8×10 ಇಂಚಿನ ಪ್ರಿಂಟ್ ಹಾಕಿಸಿದೆ, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ. ಮುಖದ ಬಲಭಾಗ ಮುಳುಗಿಹೋಗಿತ್ತು. ತಪ್ಪು ನನ್ನ ಕಡೆಯದೇ. ಕಂಪ್ಯೂಟರಿನ ಪರದೆಯನ್ನು ಪೂರ್ತಿ ಬೆಳಕಿನಲ್ಲಿಟ್ಟು ಎಡಿಟ್ ಮಾಡಿದ್ದೆ, ಕಾಗದಕ್ಕೆ ಅಷ್ಟು ಬೆಳಕಿಲ್ಲ. ಪರದೆಯನ್ನು ಅರ್ಧಕ್ಕಿಂತ ಕೆಳಗಿಳಿಸಿ ಮತ್ತೆ ನೋಡಿದೆ, ಮುಖದ ಬೆಳಕನ್ನು ಇನ್ನೂ ಒಂದು ಚೂರು ಎತ್ತಿದೆ. ಈ ಸಲ ಹೊಳಪಿನ ಗ್ಲಾಸಿ ಕಾಗದ ಕೇಳಿದೆ. ಅದರಲ್ಲಿ ಕಪ್ಪು ಇನ್ನೂ ಆಳವಾಗಿ ಬರುತ್ತದೆ.

ಅಮ್ಮ ಪ್ರಿಂಟನ್ನು ಕಿಟಕಿ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದಳು. "ಆ ಗಂಡುಬೆಕ್ಕು ಕಚ್ಚಿದ್ದು, ಕಿವಿ ತುದಿ, ಅದೂ ಕಾಣ್ತಿದೆ ನೋಡು" ಅಂದಳು. ಹೌದು, ಎಡಗಿವಿಯ ಸಣ್ಣ ಹರಕು, ಬೆಳಕಿನ ಅಂಚಿನಲ್ಲಿ.

ಫ್ರೇಮ್‌ಗೆ ಕೊಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಗಾಜಿನ ಹೆಂಚಿನಿಂದ ಬೀಳುವ ಬೆಳಕಿನ ಕೋಲು ನಡುಮನೆಯಲ್ಲಿ ಜರುಗುತ್ತಾ ಹೋಗುತ್ತದೆ, ಅವಳೂ ಅದರ ಜೊತೆಗೇ ಜರುಗುತ್ತಾಳೆ. ಮುಂದಿನ ಚಿತ್ರ ಅಲ್ಲಿ.