ಭೂಗೋಳ ಓದಿ ಬನ್ನಿ

ಹಳೆಯ ಕಡತಗಳನ್ನು ಸೇರಿಸುವ ನಮ್ಮ ತಂತ್ರಾಂಶದ ಡ್ರಾಪ್‌ಡೌನ್‌ನಲ್ಲಿ ಕರಾವಳಿಗೆ ಮೂರೇ ಹೆಸರು: ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಕಡತದ ಕಟ್ಟು ಯಾವ ಕಾಲದ್ದಾದರೂ ಇವುಗಳಲ್ಲೇ ಕೂರಿಸಬೇಕು. ಬ್ರಿಟಿಷರ ಕಡತಗಳನ್ನು ಸ್ಕ್ಯಾನ್ ಮಾಡಲು ಹೊರಟವರಿಗೆ 'ಕೆನರಾ' ಎಂಬ ಜಿಲ್ಲೆ ನೆನಪಾಗಲಿಲ್ಲ ಎಂದರೆ ಏನೆನ್ನುವುದು!

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಕುಂದಾಪುರ ತಾಲೂಕಿನ 1861ರ ಕಡತ ಕೇಳಿಕೊಂಡು ಬಂದರು. ಹುಡುಕಿದೆ. 1858ರದ್ದಿತ್ತು, 1864ರದ್ದಿತ್ತು, ನಡುವಿನದ್ದಿಲ್ಲ. "ಗೆದ್ದಲು ತಿಂದಿರಬೇಕು ಸರ್" ಎಂದುಬಿಟ್ಟೆ.

"ಉತ್ತರ ಕೆನರಾದಲ್ಲಿ ನೋಡಿದಿರಾ?"

ನಗು ಬಂತು. ಗೋಡೆಯ ಮೇಲಿದ್ದ ಭೂಪಟದಲ್ಲಿ ಕುಂದಾಪುರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ಅವರಿಗೆ! ಹಿಂದೆ ನಮ್ಮ ಮೇಲಧಿಕಾರಿ ಮೇಡಂ ಬಂದು ನಿಂತಿದ್ದು ನನಗೆ ಗೊತ್ತಿರಲಿಲ್ಲ.

ಮೇಷ್ಟ್ರು ಸಿಟ್ಟಾಗಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ ಒಂದೇ ಜಿಲ್ಲೆಯಾಗಿ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1860ರ ಹೊತ್ತಿಗೆ ಅದನ್ನು ಎರಡಾಗಿ ಸೀಳಿದಾಗ ಕುಂದಾಪುರ ಉತ್ತರಕ್ಕೆ ಹೋಯಿತು ಎಂದರು. ಧಾರವಾಡದ ಹತ್ತಿ ಸಾಗಿಸಲು ಮುಂಬಯಿಯ ವರ್ತಕರಿಗೆ ಕಾರವಾರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕುಂದಾಪುರ ಮಾತ್ರ ದಕ್ಷಿಣಕ್ಕೆ ಮರಳಿ ಮದ್ರಾಸಿನಲ್ಲೇ ಉಳಿಯಿತು.

ಉತ್ತರ ಕನ್ನಡ ಎಂದು ಆರಿಸಿ ಮತ್ತೆ ಹುಡುಕಿದೆ. ಆಗಲೂ ಸೊನ್ನೆ. ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆಗ ಮೂಲೆಯಿಂದ ಡೇಟಾ ಎಂಟ್ರಿಯ ಹುಡುಗಿ, "ಸರ್, ಅದು ರಿಜೆಕ್ಟ್ ಕ್ಯೂನಲ್ಲಿದೆ" ಎಂದಳು.

ತಪ್ಪೆಂದು ರಿಜೆಕ್ಟ್ ಆದ ನಮೂದು ಹುಡುಕಾಟಕ್ಕೆ ಸಿಗುವುದಿಲ್ಲ. ಕ್ಯೂ ತೆರೆಯಲು ಸರ್ವರ್ ತೆಗೆದುಕೊಂಡ ಆ ಎರಡು ನಿಮಿಷ, ತಿರುಗುವ ಚಕ್ರವನ್ನು ನಾಲ್ವರೂ ಮಾತಿಲ್ಲದೆ ನೋಡಿದೆವು. ಕೊನೆಗೆ ಇಡೀ ಬ್ಯಾಚ್ ತೆರೆದುಕೊಂಡಿತು. ಮೂಲ ಕಾಗದದಲ್ಲಿದ್ದಂತೆ ಅವಳು ಕುಂದಾಪುರವನ್ನು ಉತ್ತರಕ್ಕೆ ಹಾಕಿದ್ದಳು. ಪಕ್ಕದ ಷರಾದಲ್ಲಿ ನನ್ನ ಲಾಗಿನ್ ಹೆಸರಿನೊಂದಿಗೆ ದಪ್ಪಕ್ಷರದಲ್ಲಿ: 'ತಪ್ಪು. ಭೂಗೋಳ ಓದಿ ಬನ್ನಿ.'

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅದನ್ನು ನಿಧಾನವಾಗಿ ಓದಿದರು. ಮೇಡಂ ಕೂಡ ಓದಿದರು.

ಷರಾ ಅಳಿಸುವ ಸೌಲಭ್ಯ ತಂತ್ರಾಂಶದಲ್ಲಿಲ್ಲ. ಡ್ರಾಪ್‌ಡೌನ್ ಬದಲಿಸಿ ಎಂದು ಬರೆದದ್ದಕ್ಕೆ 'ಮುಂದಿನ ಆವೃತ್ತಿಯಲ್ಲಿ' ಎಂಬ ಉತ್ತರ ಬಂದಿದೆ. ಸದ್ಯ ಹಳೆಯ ಜಿಲ್ಲೆಯ ಹೆಸರನ್ನು ಷರಾದಲ್ಲೇ ತುಂಬುತ್ತಿದ್ದೇವೆ. ನಾನೂ ಈಗ ರಿಜೆಕ್ಟ್ ಒತ್ತುವ ಮೊದಲು ಮೂಲ ಕಾಗದದ ತಲೆಬರಹ ನೋಡುತ್ತೇನೆ.

ನಿನ್ನೆ ಅಮಿನದಿವಿ ದ್ವೀಪಗಳ ಕಟ್ಟು ಬಂತು. ಇಂದು ಲಕ್ಷದ್ವೀಪ, 1956ರವರೆಗೆ ದಕ್ಷಿಣ ಕೆನರಾ. "ಯಾವ ಜಿಲ್ಲೆ ಸರ್?" ಎಂದು ಕೇಳಿದ ಹುಡುಗಿಯ ಮುಖದಲ್ಲಿ ನಗುವಿತ್ತು. ನಾನು ಭೂಪಟದತ್ತ ತಿರುಗಲಿಲ್ಲ.