ತಾರಸಿ ತೋಟಕ್ಕೆ ಮೊದಲು ಯಾವ ಗಿಡ ತರಬೇಕು?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವ ಗೆಳೆಯರು, ಬಂಧುಗಳು, ಕೆಲವೊಮ್ಮೆ ಪರಿಚಯವೇ ಇಲ್ಲದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಮ್ಮ ಕಟ್ಟಡದ ತಾರಸಿಯ ಮೇಲೆ ತರಕಾರಿ ಬೆಳೆಯಬೇಕೆಂದಿದ್ದೇವೆ, ಮೊದಲು ಯಾವ ಗಿಡ ತರೋಣ?’ ಹರಿವೆ ಎಂದೋ ಮೆಂತ್ಯ ಎಂದೋ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಗಿಡ ತರುವುದರಿಂದಲೇ ಶುರುವಾದ ತೋಟಗಳು ಎರಡನೆಯ ಮಳೆಗಾಲದ ಹೊತ್ತಿಗೆ ಕೆಳಗಿನ ಮನೆಯವರ ಸೂರಿನಲ್ಲಿ ತೇವ ಕಾಣಿಸಿಕೊಂಡ ಕಾರಣಕ್ಕೋ, ಬೇಸಿಗೆಯಲ್ಲಿ ನೀರಿಲ್ಲದ ಕಾರಣಕ್ಕೋ, ಸಂಘದ ಸಭೆಯಲ್ಲಿ ಎದ್ದ ಜಗಳದ ಕಾರಣಕ್ಕೋ ಖಾಲಿಯಾಗುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಹಾಗಾಗಿ ಮೊದಲು ತಾರಸಿಯನ್ನೂ ಅದರ ಒಡೆತನವನ್ನೂ ನೀರಿನ ದಾರಿಯನ್ನೂ ವಿಚಾರಿಸಿಕೊಳ್ಳಿ, ಗಿಡದ ಸರದಿ ಆಮೇಲೆ ಎಂಬುದೇ ನನ್ನ ಉತ್ತರ. ಹುರುಪಿನಲ್ಲಿ ಬಂದವರಿಗೆ ಇದು ರುಚಿಸುವುದಿಲ್ಲ ಎಂಬುದು ನನಗೆ ಗೊತ್ತು.

ಒಡೆತನದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು, ಕಟ್ಟಡದ ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳ ಜೊತೆಗೆ ಚಾವಣಿಯನ್ನೂ ಎಲ್ಲ ಮಾಲೀಕರಿಗೂ ಸೇರಿದ ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ. ಅಂದರೆ ಮೇಲ್ಮಹಡಿಯಲ್ಲಿ ಮನೆ ಇದ್ದಮಾತ್ರಕ್ಕೆ ತಾರಸಿ ನಿಮ್ಮದಾಗುವುದಿಲ್ಲ; ನೆಲಮಹಡಿಯವರಿಗೂ ಅದರಲ್ಲಿ ಪಾಲಿದೆ. ಸಂಘದ ಸಭೆಯಲ್ಲಿ ವಿಷಯ ಇಟ್ಟು, ಎಷ್ಟು ಜಾಗ, ಯಾರ ಹೊಣೆ, ಸೋರಿಕೆ ಕಂಡರೆ ಯಾರು ಖರ್ಚು ಹಾಕಬೇಕು ಎಂಬ ಮೂರು ವಿಷಯಗಳನ್ನು ನಡಾವಳಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಮೌಖಿಕ ಒಪ್ಪಿಗೆಯ ಆಯುಸ್ಸು ಹಾಲಿ ಕಾರ್ಯದರ್ಶಿಯ ಅವಧಿ ಮುಗಿಯುವವರೆಗೆ ಮಾತ್ರ.

ಇನ್ನು ಹೆಚ್ಚು ಜನ ಯೋಚಿಸದೇ ಬಿಡುವ ವಿಷಯ ಭಾರದ್ದು. ಹೊರೆಗಳ ಲೆಕ್ಕವನ್ನು ಹೇಳುವ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಜನ ಹತ್ತಿ ಓಡಾಡುವ ಸಮತಟ್ಟು ಚಾವಣಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ ಹೊರೆ ಬೀಳಬಹುದೆಂದು ಹಿಡಿದು ವಿನ್ಯಾಸ ಮಾಡಬೇಕು; ದುರಸ್ತಿಗೆಂದು ಮಾತ್ರ ಹತ್ತುವ ಚಾವಣಿಗೆ ಇದರ ಅರ್ಧದಷ್ಟು ಸಾಕು. ನಮಗೆ ರೂಢಿಯಾದ ಚದರ ಅಡಿಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು 14 ಕಿಲೋ. ಈಗ ಮಣ್ಣಿನ ಕಡೆ ನೋಡಿ: ಮಳೆಯಲ್ಲಿ ಚೆನ್ನಾಗಿ ನೆನೆದ ಕೆಂಪುಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಇಟ್ಟಿಗೆಯ ಕಟ್ಟೆ ಕಟ್ಟಿ ಒಂದಡಿ ಮಣ್ಣು ತುಂಬಿ ಪಾತಿ ಮಾಡಿದರೆ, ಗಿಡ ಹುಟ್ಟುವ ಮೊದಲೇ ಆ ಜಾಗದ ಮೇಲೆ ಲೆಕ್ಕಕ್ಕಿಂತ ಮೂರು ಪಟ್ಟು ಹೊರೆ ಹೇರಿದಂತಾಗುತ್ತದೆ, ಅದರ ಮೇಲೆ ಕಟ್ಟೆಯ ತೂಕ ಬೇರೆ. ‘ಅಷ್ಟು ದೊಡ್ಡ ನೀರಿನ ಟ್ಯಾಂಕ್ ಹೊತ್ತಿರುವ ಕಟ್ಟಡಕ್ಕೆ ಇದು ಯಾವ ಲೆಕ್ಕ?’ ಎಂಬ ವಾದ ಪ್ರತಿ ಸಭೆಯಲ್ಲೂ ಬರುತ್ತದೆ. ಟ್ಯಾಂಕಿನ ಭಾರ ಬೀಳುವ ಜಾಗವನ್ನು ಎಂಜಿನಿಯರು ಮೊದಲೇ ಗುರುತಿಸಿ, ಅದರ ಅಡಿಗೆ ಕಂಬ ತೊಲೆಗಳನ್ನು ಕೊಟ್ಟಿರುತ್ತಾರೆ; ಉಳಿದ ಸ್ಲ್ಯಾಬಿಗೆ ಆ ಅನುಕೂಲ ಇರುವುದಿಲ್ಲ. ಎಲ್ಲ ತಾರಸಿಗೂ ಮಣ್ಣು ಹಾಸಿ ಹುಲ್ಲು ಬೆಳೆಸುವ ಆಸೆಯಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರಿಂದ ಲಿಖಿತ ಅಭಿಪ್ರಾಯ ಪಡೆಯದೆ ಕೈ ಹಾಕಬಾರದು. ಹಳೆಯ ಕಟ್ಟಡಗಳಲ್ಲಂತೂ ಆ ಆಸೆಯನ್ನೇ ಬಿಡುವುದು ಲೇಸೆಂದು ನಾನು ಹೇಳುತ್ತೇನೆ.

ಕುಂಡ ಮತ್ತು ಗ್ರೋ ಬ್ಯಾಗುಗಳ ತೋಟಕ್ಕೆ ಇಷ್ಟು ಭಯ ಬೇಕಿಲ್ಲ. ಒಂದಡಿ ಅಗಲ, ಒಂದಡಿ ಎತ್ತರದ ಚೀಲಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರ ಹೆಚ್ಚಾಗಿರುವ ಮಿಶ್ರಣ ತುಂಬಿದರೆ, ನೀರು ಕುಡಿದ ಮೇಲೂ ಅದು ಹದಿನೈದಿಪ್ಪತ್ತು ಕಿಲೋ ಆಗಬಹುದು. ಮೂರು ನಾಲ್ಕು ಚದರ ಅಡಿಗೆ ಒಂದರಂತೆ, ನಡುವೆ ಓಡಾಡಲು ದಾರಿ ಬಿಟ್ಟು ಜೋಡಿಸಿದರೆ ಒಟ್ಟು ಹೊರೆ ಮಿತಿಯ ಒಳಗೇ ಉಳಿಯುತ್ತದೆ. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ನಿಂಬೆ, ಕರಿಬೇವು ನೆಡುವವರು ಮಾತ್ರ ಅವನ್ನು ತಾರಸಿಯ ನಡುಮಧ್ಯೆ ಗುಂಪಾಗಿ ಇಡದೆ, ಕೆಳಗೆ ತೊಲೆ ಹಾದುಹೋಗಿರುವ ಸಾಲಿನ ಮೇಲೆ ದೂರದೂರ ಇಡಬೇಕು. ತೊಲೆ ಎಲ್ಲಿದೆಯೆಂಬುದು ಕಟ್ಟಡದ ನಕ್ಷೆಯಲ್ಲಿರುತ್ತದೆ. ಕೆಳಗಿನ ಮನೆಯ ಚಾವಣಿಯಲ್ಲಿ ಕಣ್ಣಿಗೂ ಕಾಣುತ್ತದೆ. ಪ್ಯಾರಪೆಟ್ ಗೋಡೆಯ ಮೇಲೆ ಮಾತ್ರ ಒಂದು ಸಣ್ಣ ಕುಂಡವನ್ನೂ ಇಡಕೂಡದು. ಆಷಾಢದ ಗಾಳಿಗೆ ಅದು ಬೀಳುವುದು ದಾರಿಹೋಕರ ತಲೆಯ ಮೇಲೆ.

ಸೋರಿಕೆಯ ವಿಷಯದಲ್ಲಿ ಜನರಿಗಿರುವ ಭಯ ನಿಜವಾದದ್ದೇ, ಆದರೆ ಅವರು ದೂರುವುದು ಗಿಡದ ಬೇರನ್ನು. ಕುಂಡದಲ್ಲಿ ಬೆಳೆದ ಬದನೆಯ ಬೇರು ಕಾಂಕ್ರೀಟನ್ನು ಸೀಳಿಕೊಂಡು ಹೋಗುವುದಿಲ್ಲ. ಹಕ್ಕಿಗಳ ಹಿಕ್ಕೆಯಿಂದ ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟುವ ಅರಳಿ, ಆಲದ ಸಸಿಗಳು ಮಾತ್ರ ಆ ಕೆಲಸ ಮಾಡಬಲ್ಲವು, ಮತ್ತು ಅವು ತೋಟವಿಲ್ಲದ ತಾರಸಿಯಲ್ಲೂ ಹುಟ್ಟುತ್ತವೆ. ದಿನವೂ ಯಾರಾದರೂ ತಾರಸಿಗೆ ಹತ್ತುವುದರಿಂದ ಅಂಥವು ಬೇಗ ಕಣ್ಣಿಗೆ ಬೀಳುತ್ತವೆ ಎಂಬುದು ತೋಟದ ಪರವಾಗಿ ಹೇಳಬಹುದಾದ ಮಾತು. ನಿಜವಾದ ತೊಂದರೆ ಕುಂಡದ ಅಡಿಯಲ್ಲಿ ತಿಂಗಳುಗಟ್ಟಲೆ ಆರದೆ ಉಳಿಯುವ ಒದ್ದೆ, ಜೊತೆಗೆ ಒಣಎಲೆ ಮಣ್ಣುಗಳಿಂದ ಕಟ್ಟಿಕೊಳ್ಳುವ, ನೀರು ಹೋಗುವ ಕಂಡಿ. ಮೊದಲೇ ಸಣ್ಣ ಬಿರುಕಿರುವ ತಾರಸಿಯಲ್ಲಿ ಮಳೆಯ ನೀರು ಒಂದೆರಡು ಗಂಟೆಯಲ್ಲಿ ಹರಿದುಹೋದರೆ ಕೆಳಗೆ ಏನೂ ಕಾಣದಿರಬಹುದು. ಅದೇ ಬಿರುಕಿನ ಮೇಲೆ ನಿತ್ಯ ಒದ್ದೆಯಾಗುವ ಕುಂಡ ಕೂತರೆ ತೇವ ಇಳಿದೇ ಇಳಿಯುತ್ತದೆ. ಆದ್ದರಿಂದ ಕುಂಡ ಇಡುವ ಮೊದಲು ನೀರು ಹೋಗುವ ಕಂಡಿಗಳನ್ನು ಮುಚ್ಚಿ, ತಾರಸಿಯ ಮೇಲೆ ಒಂದೆರಡು ಅಂಗುಲ ನೀರು ಕಟ್ಟಿ ಎರಡು ದಿನ ನಿಲ್ಲಿಸಿ, ಕೆಳಗಿನ ಮನೆಯವರೊಂದಿಗೆ ನಿಂತು ಅವರ ಚಾವಣಿಯನ್ನು ನೋಡುವುದು ಅತ್ಯಂತ ಉಪಯುಕ್ತ ಪರೀಕ್ಷೆ. ತೇವ ಕಂಡರೆ ವಾಟರ್‌ಪ್ರೂಫಿಂಗ್ ಆದ ಮೇಲೆಯೇ ತೋಟ. ಕಾಣದಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೊಂದು ದಿನ ಸಭೆಯಲ್ಲಿ ಬೇಕಾಗುತ್ತದೆ.

ಕುಂಡಗಳನ್ನು ನೆಲಕ್ಕೆ ತಾಗಿಸದೆ, ಅಡಿಯಲ್ಲಿ ಕಸಬರಿಕೆ ಆಡುವಷ್ಟು ಎತ್ತರದ ಸ್ಟ್ಯಾಂಡಿನ ಮೇಲೆ ಇಡಬೇಕು. ಸ್ಟ್ಯಾಂಡಿನ ಚೂಪು ಕಾಲುಗಳು ವಾಟರ್‌ಪ್ರೂಫಿಂಗ್ ಪದರವನ್ನು ತೂತು ಮಾಡದಂತೆ ಒಂದೊಂದು ಟೈಲ್ಸ್ ಚೂರನ್ನೋ ರಬ್ಬರ್ ತುಂಡನ್ನೋ ಕೆಳಗೆ ಕೊಡಬೇಕು. ಮಳೆಕೊಯ್ಲು ಇರುವ ಕಟ್ಟಡಗಳಲ್ಲಿ ಇನ್ನೂ ಒಂದು ವಿಷಯವಿದೆ: ತಾರಸಿಯ ನೀರೆಲ್ಲ ಫಿಲ್ಟರ್ ದಾಟಿ ಸಂಪಿಗೆ ಇಳಿಯುತ್ತದೆಯಾದರೆ, ಕುಂಡಗಳಿಂದ ಸೋರುವ ಗೊಬ್ಬರದ ಕಂದು ನೀರು ಕೂಡ ಅದೇ ದಾರಿ ಹಿಡಿಯುತ್ತದೆ. ಸಂಪಿನ ನೀರನ್ನು ಮನೆ ಬಳಕೆಗೆ ತೆಗೆದುಕೊಳ್ಳುವವರು ತೋಟಕ್ಕೆ ಆರಿಸಿಕೊಂಡ ಮೂಲೆಯ ಇಳಿಕೊಳವೆಯನ್ನು ಸಂಪಿನಿಂದ ಬೇರ್ಪಡಿಸಿ ಇಂಗುಗುಂಡಿಗೆ ತಿರುಗಿಸುವುದು ಸರಿ. ಕುಂಡದಡಿಯ ತಟ್ಟೆಗಳನ್ನು ನಾನು ಪೂರ್ತಿಯಾಗಿ ಬಿಡಲು ಹೇಳುತ್ತೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಅಂಥ ತಟ್ಟೆಯ ನೀರು ಒಂದು ವಾರದಿಂದ ಹತ್ತು ದಿನ ನಿಂತರೆ ಸಾಕು.

ನೀರು ಎಲ್ಲಿಂದ ತರಬೇಕೆಂಬುದನ್ನು ಬೆಂಗಳೂರಿನವರಿಗೆ 2024ರ ಬೇಸಿಗೆ ಕಲಿಸಿದೆ. ಆ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಬೇಸಿಗೆಯಲ್ಲಿ ಒಂದು ಚೀಲಕ್ಕೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಬೇಕು. ಐವತ್ತು ಚೀಲಗಳಿಗೆ ಮೂರು ನಾಲ್ಕು ಬಕೆಟ್ಟಿನಷ್ಟಾಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ನಾಲ್ಕಾರು ಮನೆಯವರು ಎತ್ತಿಟ್ಟರೆ ಇದರಲ್ಲಿ ಒಳ್ಳೆಯ ಪಾಲು ಸಿಗುತ್ತದೆ. ಎಸ್‌ಟಿಪಿಯಲ್ಲಿ, ಎಂದರೆ ಕಟ್ಟಡದ ಕೊಳಚೆ ನೀರಿನ ಘಟಕದಲ್ಲಿ, ಶುದ್ಧೀಕರಿಸಿದ ನೀರನ್ನು ಹೂಗಿಡಗಳಿಗೂ ಹಣ್ಣಿನ ಗಿಡಗಳಿಗೂ ಬುಡಕ್ಕೆ ಹಾಕಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಸೌತೆಗೆ ಬೇಡ. ಕೊಳವೆಬಾವಿಯ ಗಡಸು ನೀರನ್ನು ಮೆದುಗೊಳಿಸಲು ಉಪ್ಪು ಹಾಕುವ ಸಾಫ್ಟ್‌ನರ್ ಯಂತ್ರವಿದ್ದರೆ, ಅದರಿಂದ ಹೊರಬರುವ ನೀರಿನಲ್ಲಿ ಕ್ಯಾಲ್ಸಿಯಂ ಬದಲು ಸೋಡಿಯಂ ಸೇರಿರುತ್ತದೆ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಕುಂಡದ ಮಣ್ಣು ಕೆಡುತ್ತದೆ. ಯಂತ್ರಕ್ಕೆ ಹೋಗುವ ಮೊದಲಿನ ನೀರು ಗಡಸಾಗಿದ್ದರೂ ಗಿಡಕ್ಕೆ ಅದೇ ವಾಸಿ.

ಮಣ್ಣಿನ ಮಿಶ್ರಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೆಂಪುಮಣ್ಣು, ಕೋಕೋಪೀಟ್, ಚೆನ್ನಾಗಿ ಕಳಿತ ಗೊಬ್ಬರ ಸಮಸಮ ಬೆರೆಸಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕುವುದು ಸರಳ ವಿಧಾನ. ಭಾರ ಇಳಿಸಬೇಕಿದ್ದರೆ ಮಣ್ಣಿನ ಪಾಲನ್ನು ಇನ್ನೂ ತಗ್ಗಿಸಬಹುದು. ಹಸಿಕಸವನ್ನು ಕಟ್ಟಡದಲ್ಲೇ ಕಾಂಪೋಸ್ಟ್ ಮಾಡುವವರಿಗೆ ಗೊಬ್ಬರ ಕೊಳ್ಳುವ ಖರ್ಚು ಉಳಿಯುತ್ತದೆ, ಆ ಗೊಬ್ಬರಕ್ಕೂ ಒಂದು ದಾರಿಯಾಗುತ್ತದೆ. ಆದರೂ ಲೆಕ್ಕ ಹಾಕಿ ನೋಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸ್ಟ್ಯಾಂಡು, ಚೀಲ, ನೆರಳುಬಲೆಗಳ ದುಡ್ಡು ತರಕಾರಿಯಲ್ಲಿ ಹಿಂತಿರುಗಲು ವರ್ಷಗಳು ಬೇಕು. ದಿನವೂ ಖರ್ಚಾಗುವ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವಿನಲ್ಲಿ ಮಾತ್ರ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಈಗ ಗಿಡಗಳಿಗೆ ಬರೋಣ. ಎತ್ತರದ ಕಟ್ಟಡಗಳ ನಡುವಿನ ತಾರಸಿಯಲ್ಲಿ ಬಿಸಿಲು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಸೋಲಾರ್ ಫಲಕಗಳಿಗೆ ನೆರಳು ಕೊಡುವಂತೆ ಚಪ್ಪರ ಹಾಕಿದರೆ ಜಗಳ ಖಂಡಿತ. ಐದಾರು ಗಂಟೆ ನೇರ ಬಿಸಿಲಿರುವ ಜಾಗವನ್ನು ಕಾಯಿ ಬಿಡುವ ಗಿಡಗಳಿಗೆ ಮೀಸಲಿಟ್ಟು, ಮೂರು ನಾಲ್ಕು ಗಂಟೆಯ ಬಿಸಿಲಿನ ಮೂಲೆಯನ್ನು ಸೊಪ್ಪಿಗೆ ಕೊಡಬಹುದು. ಹೊಸಬರು ಜೂನ್ ತಿಂಗಳಲ್ಲಿ ಹತ್ತು ಹನ್ನೆರಡು ಚೀಲಗಳಲ್ಲಿ ಹರಿವೆ, ದಂಟು, ಮೆಂತ್ಯ, ಪಾಲಕ್ ಬಿತ್ತಿ ಶುರುಮಾಡಲಿ. ಮೂರು ನಾಲ್ಕು ವಾರದಲ್ಲಿ ಕೊಯ್ಲಾಗುವುದರಿಂದ ಸಂಘದಲ್ಲಿ ಮೂಗು ಮುರಿದವರ ಮನೆಗೂ ಒಂದು ಕಟ್ಟು ಕಳಿಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಹಲವು ಬಾರಿ ಕೊಯ್ಯಬಹುದಾದ ಹರಿವೆ ‘ಅರ್ಕ ಸುಗುಣ’, ಹಳದಿ ನಂಜುರೋಗವನ್ನು ತಾಳಿಕೊಳ್ಳುವ ಬೆಂಡೆ ‘ಅರ್ಕ ಅನಾಮಿಕ’, ಎಲೆಮುದುರು ಸೇರಿದಂತೆ ಮೂರು ರೋಗಗಳನ್ನು ತಡೆಯುವ ಟೊಮೆಟೊ ‘ಅರ್ಕ ರಕ್ಷಕ್’ ತಾರಸಿಗೂ ಹೊಂದುತ್ತವೆ. ಕೊನೆಯದು ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೆಂಡೆಯ ಬೀಜವನ್ನು ಇಟ್ಟುಕೊಳ್ಳಬಹುದು. ಅವರೆಯ ಆಸೆಯುಳ್ಳವರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳನ್ನು ವರ್ಷದ ಯಾವ ಕಾಲದಲ್ಲಾದರೂ ಬಿತ್ತಬಹುದು, ಏಕೆಂದರೆ ನಾಟಿ ಅವರೆಯಂತೆ ಹಗಲು ಕಿರಿದಾಗುವವರೆಗೆ ಅವು ಹೂವಿಗೆ ಕಾಯುವುದಿಲ್ಲ. ಸೊಗಡಿನ ವಿಷಯದಲ್ಲಿ ನನ್ನ ಓಟು ನಾಟಿ ಅವರೆಗೇ. ನುಗ್ಗೆ, ಪಪ್ಪಾಯಿ, ಬಾಳೆಗಳನ್ನು ಮೊದಲ ಎರಡು ವರ್ಷ ದೂರವೇ ಇಡಿ.

ಹಿಟ್ಟು ತಿಗಣೆ, ಬಿಳಿ ನೊಣ ಬಂದೇ ಬರುತ್ತವೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ನಾಲ್ಕು ಹನಿ ಸೋಪಿನ ದ್ರಾವಣದೊಂದಿಗೆ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸುವುದು ಸಾಕಾಗುತ್ತದೆ. ಇಪ್ಪತ್ತು ಮನೆಗಳ ಬಟ್ಟೆ ಒಣಗುವ ಜಾಗದಲ್ಲಿ ರಾಸಾಯನಿಕ ಕೀಟನಾಶಕ ಹೊಡೆಯುವುದು ಯಾವ ಕಾರಣಕ್ಕೂ ಸಲ್ಲದು. ಪಾರಿವಾಳಗಳಿಗೆ ಬಲೆ ಕಟ್ಟಬಹುದು, ಕೋತಿಗಳಿಗೆ ನನ್ನ ಬಳಿ ಮದ್ದಿಲ್ಲ.

ಇಷ್ಟಾದ ಮೇಲೂ ಅಪಾರ್ಟ್‌ಮೆಂಟಿನ ತೋಟ ಒಣಗುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಸಿಕ್ಕಿ ಎಲ್ಲರೂ ಒಟ್ಟಿಗೆ ಊರಿಗೆ ಹೊರಟಾಗ. ಹಾಗಾಗಿ ಜೊತೆಗಾರರನ್ನು ಆರಿಸುವಾಗ ಉತ್ಸಾಹವನ್ನಷ್ಟೇ ನೋಡದೆ, ಬೇಸಿಗೆಯಲ್ಲಿ ಊರು ಬಿಡದ ಒಬ್ಬ ನಿವೃತ್ತರನ್ನಾದರೂ ಗುಂಪಿಗೆ ಸೇರಿಸಿಕೊಳ್ಳಿ. ಕಾವಲುಗಾರರಿಗೆ ನೀರು ಹಾಕುವ ಕೆಲಸ ಒಪ್ಪಿಸುವುದಾದರೆ ಅದಕ್ಕೆ ಪ್ರತ್ಯೇಕ ಸಂಬಳ ಗೊತ್ತುಮಾಡಿ. ಬೆಳೆಯಲ್ಲಿ ಪಾಲು ಕೊಡುತ್ತೇವೆಂಬ ಮಾತಿನಿಂದ ಅವರ ಮನೆ ನಡೆಯುವುದಿಲ್ಲ.